ಕೇಸ್ ಪೇಪರಿನ ಒಂದು ಸಾಲು

ಕೆಲವು ವರ್ಷಗಳ ಹಿಂದೆ ಡೊಂಬಿವಲಿಯ ಒಂದು ನರ್ಸಿಂಗ್ ಹೋಮಿನಲ್ಲಿ ನನಗೆ ಹರ್ನಿಯಾ ಆಪರೇಷನ್ ಆಯಿತು. ಹಿಂದಿನ ಸಂಜೆ ಒಬ್ಬ ಎಳೆಯ ಡಾಕ್ಟರು ಮಂಚದ ಪಕ್ಕ ಕೂತು ಕೇಸ್ ಪೇಪರ್ ತುಂಬಿಸಿದರು. ಶುಗರ್, ಬಿಪಿ, ಹಿಂದೆ ಆದ ಆಪರೇಷನ್, ಒಗ್ಗದ ಔಷಧ ಎಲ್ಲ ಮುಗಿದು 'ಸೋಶಿಯಲ್ ಹಿಸ್ಟರಿ' ಎಂಬ ಸಾಲು ಬಂತು. "ತಂಬಾಕು? ದಾರು?" ಎಂದರು. ನಾನು "ನಾಹೀ" ಎಂದೆ. ಅವರು 'ನಿಲ್' ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದರು.

ಮೂವತ್ತು ವರ್ಷ ಫಾಸ್ಟ್ ಲೋಕಲಿನ ಬಾಗಿಲಲ್ಲಿ ನೇತಾಡಿದ್ದು, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಗೆ ನೀರಿನ ಬಿಂದಿಗೆ ಹೊತ್ತದ್ದು, ಬಾವು ಕಾಣಿಸಿದ ಮೇಲೂ ಎರಡು ವರ್ಷ ರಜೆಯ ಲೆಕ್ಕ ಹಾಕುತ್ತಾ ಮುಂದೂಡಿದ್ದು ಎಲ್ಲವೂ ಆ ಒಂದು 'ನಿಲ್' ಒಳಗೆ ಅಡಗಿತು. ಡಾಕ್ಟರದು ತಪ್ಪೆನ್ನಲಾರೆ. ಅವರ ಪಾಠದ ಪುಸ್ತಕದಲ್ಲಿ ಸೋಶಿಯಲ್ ಹಿಸ್ಟರಿ ಎಂದರೆ ರೋಗಿಯ ಚಟಗಳ ಪಟ್ಟಿ. ನಾನು ಕಾಲೇಜಿನಲ್ಲಿ ಓದಿದ ಸಾಮಾಜಿಕ ಇತಿಹಾಸವೇ ಬೇರೆ: ಯಾರು ಎಲ್ಲಿ ವಾಸವಿದ್ದರು, ಏನು ಕೆಲಸ ಮಾಡಿದರು, ಯಾರ ಮಾತಿಗೆ ಮನೆಯಲ್ಲಿ ಬೆಲೆ ಇತ್ತು. ಶಸ್ತ್ರಚಿಕಿತ್ಸೆಯ ನಂತರ ಯಾರು ಬದುಕುತ್ತಾರೆ, ಯಾರ ಗಾಯ ಕೀವಾಗುತ್ತದೆ, ಯಾರು ಕೆಲಸಕ್ಕೆ ಮರಳುತ್ತಾರೆ ಎಂದು ಅಳೆಯುವ ಸಂಶೋಧನೆ ಈಚಿನ ದಶಕಗಳಲ್ಲಿ ದೊಡ್ಡದಾಗಿ ಬೆಳೆದಿದೆ. ಅದು ಈ ಎರಡನೆಯ ಅರ್ಥವನ್ನು ಎಷ್ಟು ಒಳಗೆ ಬಿಟ್ಟುಕೊಂಡಿದೆ ಎಂಬ ಕುತೂಹಲದಿಂದ ಓದುತ್ತಾ ಹೋದೆ. ಓದಿದ ಹೆಚ್ಚಿನದು ಠಾಣೆಯಿಂದ ಕಲ್ಯಾಣದವರೆಗಿನ ಹಳಿಗುಂಟ, ಖಾಡಿಯಾಚೆಯ ನವಿ ಮುಂಬಯಿಯಲ್ಲಿ ಕಣ್ಣಿಗೆ ಕಾಣುವಂಥದ್ದೇ.

ಆಪರೇಷನ್‌ಗಳ ಫಲವನ್ನು ಲೆಕ್ಕ ಇಡಬೇಕೆಂಬ ಯೋಚನೆ ಹಳೆಯದು. ಫ್ಲಾರೆನ್ಸ್ ನೈಟಿಂಗೇಲ್ 1860ರ ದಶಕದ ಆರಂಭದಲ್ಲೇ ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಶಸ್ತ್ರಚಿಕಿತ್ಸೆಯ ಅಂಕಿಅಂಶ ಇಡಬೇಕೆಂದು ವಾದಿಸಿದರು. ಬಾಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್‌ಮನ್ ಅದನ್ನು ಮೈಮೇಲೆ ಎಳೆದುಕೊಂಡರು. 1911ರಿಂದ 1916ರವರೆಗೆ ತಮ್ಮ ಸಣ್ಣ ಆಸ್ಪತ್ರೆಯಿಂದ ಹೊರಹೋದ 337 ರೋಗಿಗಳ ಕಥೆಯನ್ನು ಹಿಂಬಾಲಿಸಿ, ಆದ ತಪ್ಪು 123 ಎಂದು ತಾವೇ ಅಚ್ಚು ಹಾಕಿಸಿದರು. ಸಹೋದ್ಯೋಗಿಗಳು ಮೆಚ್ಚಲಿಲ್ಲ ಎಂದು ಹೇಳಬೇಕಿಲ್ಲ. ರೋಗಿಯನ್ನು ಮನೆಯವರೆಗೆ ಹಿಂಬಾಲಿಸಬೇಕು ಎಂಬ ಅವರ ಹಟ ಇಂದಿನ ಎಲ್ಲ ಅಧ್ಯಯನಗಳ ಬೇರು. 2009ರಲ್ಲಿ ಹೊರಬಂದ ವಿಶ್ವ ಆರೋಗ್ಯ ಸಂಸ್ಥೆಯ ತಪಾಸಣಾ ಪಟ್ಟಿಯ ಪ್ರಯೋಗ ಎಲ್ಲರಿಗೂ ಗೊತ್ತು. ಅದು ನಡೆದ ಎಂಟು ನಗರಗಳಲ್ಲಿ ದೆಹಲಿಯೂ ಒಂದು. ಚಾಕು ಹಾಕುವ ಮುನ್ನ ಹೆಸರು, ಜಾಗ, ಆಂಟಿಬಯೋಟಿಕ್ ಎಂದು ಗಟ್ಟಿಯಾಗಿ ಕೇಳಿ ಉತ್ತರ ಪಡೆಯುವ ಪದ್ಧತಿ ಬಂದ ಮೇಲೆ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ತಂಡದ ಮುಂದಾಳು ಅತುಲ್ ಗವಾಂಡೆಯವರ ತಂದೆ ಮಹಾರಾಷ್ಟ್ರದ ಹಳ್ಳಿಯವರಾದ್ದರಿಂದ ನಮ್ಮ ಕಡೆ ಈ ಸುದ್ದಿಗೆ ಸ್ವಲ್ಪ ಹೆಚ್ಚೇ ಜಾಗ ಸಿಕ್ಕಿತು.

ಇದೆಲ್ಲ ಆಪರೇಷನ್ ಥಿಯೇಟರಿನ ಬಾಗಿಲೊಳಗಿನ ಮಾತು. ಬಾಗಿಲ ಹೊರಗಿನದನ್ನು ಬರೆದವರು ಇತಿಹಾಸಕಾರರು. ಮೃದುಲಾ ರಾಮಣ್ಣ ಅವರು ಮುಂಬಯಿ ಪ್ರಾಂತದ ಆರೋಗ್ಯದ ಬಗ್ಗೆ ಬರೆದ ಎರಡು ಪುಸ್ತಕಗಳು 1845ರಿಂದ 1930ರವರೆಗಿನ ಕಾಲವನ್ನು ತುಂಬುತ್ತವೆ. ಕೆಇಎಂ ಆಸ್ಪತ್ರೆಯ ನ್ಯೂರೋಸರ್ಜನ್ ಆಗಿದ್ದ ಸುನೀಲ್ ಪಂಡ್ಯಾ ಗ್ರಾಂಟ್ ಮೆಡಿಕಲ್ ಕಾಲೇಜು ಮತ್ತು ಜೆಜೆ ಆಸ್ಪತ್ರೆಯ ದಪ್ಪ ಇತಿಹಾಸ ಬರೆದರು. ತಲೆಬುರುಡೆ ತೆರೆಯುವ ಕೈಯೇ ಹಳೆಯ ಕಡತವನ್ನೂ ಬಿಡಿಸುವುದು ಅಪರೂಪ. ಆ ಕಾಲದಲ್ಲಿ ಆಸ್ಪತ್ರೆ ಎಂದರೆ ದಿಕ್ಕಿಲ್ಲದವರು ಸೇರುವ ಜಾಗ. ಉಳ್ಳವರು ವೈದ್ಯರನ್ನು ಮನೆಗೇ ಕರೆಸುತ್ತಿದ್ದರು. ಆದ್ದರಿಂದ ಮೇಜಿಗೆ ಬಂದ ರೋಗಿ ಅದಾಗಲೇ ಸೊರಗಿರುತ್ತಿದ್ದ, ತಡವಾಗಿಯೂ ಬಂದಿರುತ್ತಿದ್ದ.

ಹೆಣ್ಣಾದರೆ ಬರುವುದೇ ಅಪರೂಪವಾಗಿತ್ತು. ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿದ ಯಮುನಾ, ಮುಂದೆ ಆನಂದೀಬಾಯಿ ಜೋಶಿ ಎಂದು ಹೆಸರಾದವರು, ಹದಿನಾಲ್ಕರ ವಯಸ್ಸಿನಲ್ಲಿ ಹೆತ್ತ ಮಗು ಹತ್ತು ದಿನ ಬದುಕಿತು. ಅಲ್ಲಿಂದಲೇ ಡಾಕ್ಟರಾಗುವ ಹಂಬಲ. 1886ರಲ್ಲಿ ಫಿಲಡೆಲ್ಫಿಯಾದಲ್ಲಿ ಪದವಿ ಪಡೆದಾಗ ಅವರು ಬರೆದ ಪ್ರಬಂಧ ಹಿಂದೂಗಳಲ್ಲಿನ ಪ್ರಸೂತಿ ಪದ್ಧತಿಯ ಬಗ್ಗೆ. ಪ್ರಸೂತಿ ಶಾಸ್ತ್ರಕ್ಕೂ ಮನೆಯೊಳಗಿನ ಆಚಾರಕ್ಕೂ ಇರುವ ನಂಟನ್ನು ಕೇಸ್ ಪೇಪರಿಗೆ ಬರೆಯಲು ಹೊರಟ ಮೊದಲ ಕಲ್ಯಾಣದವಳು ಎಂದು ನಾನು ಅವರನ್ನು ಕರೆಯುತ್ತೇನೆ. ಮರುವರ್ಷ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡರು.

ಇಂದು ಹೆರಿಗೆಯ ಆಪರೇಷನ್ನಿನದು ತಲೆಕೆಳಗಾದ ಕಥೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47.4 ಸಿಸೇರಿಯನ್, ಸರ್ಕಾರಿಯಲ್ಲಿ ಶೇ. 14.3. ಯಾವ ಬಾಗಿಲು ತಟ್ಟಿದಿರಿ ಎಂಬುದೇ ಹೊಟ್ಟೆಯ ಮೇಲೆ ಹೊಲಿಗೆ ಇರುತ್ತದೋ ಇಲ್ಲವೋ ಎಂದು ಬಹುಪಾಲು ತೀರ್ಮಾನಿಸುತ್ತದೆ.

ಸಮಾಜ ಮತ್ತು ಶಸ್ತ್ರಚಿಕಿತ್ಸೆ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಅಧ್ಯಯನಗಳಲ್ಲಿ ನನಗೆ ಅತ್ಯಂತ ಒಪ್ಪಿಗೆಯಾದದ್ದು ನಮ್ಮ ಕರ್ನಾಟಕದ್ದೇ. ಬಡತನ ರೇಖೆಗಿಂತ ಕೆಳಗಿನವರಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟಗಾಯ ಮುಂತಾದ ದುಬಾರಿ ಚಿಕಿತ್ಸೆಯನ್ನು ಪುಕ್ಕಟೆ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಮೊದಲು ಬಂತು. ದಕ್ಷಿಣಕ್ಕೆ ತಲುಪಲು 2012 ಆಯಿತು. ಹಾಗಾಗಿ ಕೆಲಕಾಲ ರಾಜ್ಯದ ನಡುವೆ ಕಾಣದ ಗೆರೆಯೊಂದು ಎಳೆದಂತಾಗಿತ್ತು. ಗೆರೆಯ ಈಚೆಯ ಹಳ್ಳಿಯ ಬಡವನಿಗೆ ಯೋಜನೆಯ ಆಸರೆ ಇತ್ತು, ಆಚೆಯ ಹಳ್ಳಿಯವನಿಗೆ ಇರಲಿಲ್ಲ. ಮಳೆ, ಬೆಳೆ, ಮಾತು, ರಸ್ತೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ನೀರಜ್ ಸೂದ್ ಮತ್ತು ಸಂಗಡಿಗರು ಗೆರೆಯ ಅಕ್ಕಪಕ್ಕದ 572 ಹಳ್ಳಿಗಳ ಮನೆಮನೆ ಸಮೀಕ್ಷೆ ಮಾಡಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಯೋಜನೆಗೆ ಒಳಪಡುವ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಯೋಜನೆಯಿದ್ದ ಹಳ್ಳಿಗಳ ಬಡಮನೆಗಳಲ್ಲಿ ಶೇ. 0.32, ಇಲ್ಲದ ಹಳ್ಳಿಗಳ ಬಡಮನೆಗಳಲ್ಲಿ ಶೇ. 0.90. ಬಡವರಲ್ಲದವರಲ್ಲಿ ಗೆರೆಯ ಎರಡೂ ಕಡೆ ಅಂಥ ವ್ಯತ್ಯಾಸ ಕಾಣಲಿಲ್ಲ. ವಾದಕ್ಕೆ ಬಲ ಬಂದದ್ದು ಅಲ್ಲೇ.

ಅದೇ ಗೆರೆಯನ್ನು ಇಟ್ಟುಕೊಂಡು ಸೂದ್ ಮತ್ತು ಜಕಾರಿ ವ್ಯಾಗ್ನರ್ ಇನ್ನೊಂದು ಪ್ರಶ್ನೆ ಕೇಳಿದರು: ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ಏನಾಯಿತು? ಯೋಜನೆಯಿದ್ದ ಹಳ್ಳಿಗಳವರಲ್ಲಿ ಸೋಂಕು ಕಡಿಮೆ, ಮತ್ತೆ ಆಸ್ಪತ್ರೆ ಸೇರಿದವರೂ ಕಡಿಮೆ.  ಹಳ್ಳಿಗೆ ಬಂದ ಆರೋಗ್ಯ ಶಿಬಿರ, ಆಸ್ಪತ್ರೆಯ ಬಾಗಿಲಲ್ಲಿ ಕೂತ ಆರೋಗ್ಯಮಿತ್ರ, ಎದೆನೋವು ಬಂದಾಗ "ದುಡ್ಡೆಲ್ಲಿಂದ ತರೋದು" ಎಂದು ಸುಮ್ಮನೆ ಮಲಗದೆ ಎದ್ದು ಹೊರಟದ್ದು: ನನ್ನ ಊಹೆಯಲ್ಲಿ ಫಲ ಕೊಟ್ಟದ್ದು ಇವು.

ಈ ಅಧ್ಯಯನ ಓದಿದಾಗ ನನಗೆ ನೆನಪಾಗುವವರು ಇಲ್ಲಿನ ಹೋಟೆಲುಗಳ ಒಳಮನೆಯಲ್ಲಿ ದೋಸೆ ಹುಯ್ಯುವ ನಮ್ಮೂರ ಹುಡುಗರು. ಅವರ ಪಡಿತರ ಚೀಟಿ ಕುಂದಾಪುರದಲ್ಲೋ ಕಾರ್ಕಳದಲ್ಲೋ ಅವ್ವನ ಟ್ರಂಕಿನಲ್ಲಿದೆ. ಮಹಾರಾಷ್ಟ್ರದ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ ಇಲ್ಲಿನ ವಾಸದ ಕಾಗದ ಕೇಳುತ್ತದೆ. ಕರ್ನಾಟಕದ ಯೋಜನೆ ಹೆಚ್ಚಾಗಿ ಅಲ್ಲಿನ ಆಸ್ಪತ್ರೆ ತೋರಿಸುತ್ತದೆ. ಸಂಶೋಧಕರು ಅಳೆದ ಗೆರೆ 2012ರಲ್ಲಿ ಅಳಿಸಿಹೋಯಿತು. ಈ ಹುಡುಗರು ನಿಂತಿರುವ ಗೆರೆಯನ್ನು ಯಾರೂ ಅಳೆದಂತೆ ನನಗೆ ಕಾಣಲಿಲ್ಲ. ಅಪೆಂಡಿಕ್ಸ್ ನೋವು ಬಂದರೆ ಅವರು ಇಂದಿಗೂ ರಾತ್ರಿ ಬಸ್ಸು ಹತ್ತುತ್ತಾರೆ. ಅಪೆಂಡಿಕ್ಸ್ ಒಡೆಯಲು ಕೆಲವೊಮ್ಮೆ ಅಷ್ಟು ಹೊತ್ತೂ ಬೇಕಿಲ್ಲ.

ಇನ್ನು ರೈಲು. ನಮ್ಮ ಕಡೆಯ ಶಸ್ತ್ರಚಿಕಿತ್ಸೆಯ ಮಾತು ರೈಲು ಬಿಟ್ಟು ಆಡುವಂತಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ಗಾಡಿ ನಿಂತದ್ದು ಠಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಊರು ಬೆಳೆದದ್ದು ಹಳಿಯಿಂದ, ಕಾಲು ಹೋಗುವುದೂ ಹಳಿಯ ಮೇಲೆ. ಮುಂಬಯಿ ಉಪನಗರ ರೈಲುಮಾರ್ಗಗಳಲ್ಲಿ 2023ರಲ್ಲಿ ಸತ್ತವರು 2,590, 2024ರಲ್ಲಿ 2,468. 2025ರ ಜೂನ್ 9ರ ಬೆಳಗ್ಗೆ ದಿವಾ–ಮುಂಬ್ರಾ ನಡುವಿನ ತಿರುವಿನಲ್ಲಿ ಎದುರುಬದುರಾದ ಎರಡು ಲೋಕಲುಗಳ ಬಾಗಿಲಲ್ಲಿದ್ದವರು ಉದುರಿಬಿದ್ದು ನಾಲ್ವರು ಅಂದೇ ಸತ್ತರು. ಆ ತಿರುವು ಬಂದಾಗ ಬಾಗಿಲಲ್ಲಿ ನಿಂತವರು ಒಳಗೆ ಬಾಗುವುದು ನಮಗೆಲ್ಲ ರೂಢಿ. ಹೊಸಬರಿಗೆ ಯಾರಾದರೂ "ಅಂದರ್ ಹೋ" ಎಂದು ಕೂಗುತ್ತಾರೆ.

ಬಿದ್ದವನಿಗೆ ಮುಂದೆ ಏನಾಗುತ್ತದೆ ಎಂಬುದನ್ನು ವ್ಯವಸ್ಥಿತವಾಗಿ ಬರೆದಿಟ್ಟವರಲ್ಲಿ ಮುಂಬಯಿಯ ಅಣುಶಕ್ತಿನಗರದ ಬಾರ್ಕ್ ಆಸ್ಪತ್ರೆಯ ಸರ್ಜನ್ ಆಗಿದ್ದ ನೋಭೋಜಿತ್ ರಾಯ್ ಮುಖ್ಯರು. ಅವರ ತಂಡ ಮುಂಬಯಿ, ದೆಹಲಿ, ಕೋಲ್ಕತಾದ ನಾಲ್ಕು ದೊಡ್ಡ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಗಾಯಾಳುಗಳ ನೋಂದಣಿ ಪುಸ್ತಕ ಇಟ್ಟಿತು. ಮುಂಬಯಿಯ ಎರಡು ಎಂದರೆ ಕೆಇಎಂ ಮತ್ತು ಸಾಯನ್. ಡೊಂಬಿವಲಿಯಲ್ಲಿ ಬಿದ್ದವರೂ ಕೊನೆಗೆ ಹೋಗಿ ಸೇರುವುದು ಎಷ್ಟೋ ಸಲ ಸಾಯನ್ನಿಗೇ. ಫಲಿತಾಂಶ ಎದೆಗೆ ನಾಟುವಂಥದ್ದು: ದಾಖಲಾದ ಗಾಯಾಳುಗಳಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಮೂವತ್ತು ದಿನಗಳೊಳಗೆ ಸತ್ತರು. ಅವರಲ್ಲಿ ಬಹಳ ಜನ ಬೇರೊಂದು ಆಸ್ಪತ್ರೆ ಮುಟ್ಟಿ ಬಂದವರು.

ಆ 'ಮುಟ್ಟಿ ಬರುವುದು' ಎಂಬುದರೊಳಗೆ ಒಂದು ಇತಿಹಾಸವೇ ಇದೆ. ಸ್ಟೇಷನ್ ಮಾಸ್ಟರ್ ಮೆಮೊ ಬರೆಯಬೇಕು, ಹಮಾಲರು ಸ್ಟ್ರೆಚರ್ ಎತ್ತಬೇಕು, ಸೇತುವೆಯ ಮೆಟ್ಟಿಲಲ್ಲಿ ಜನಸಾಗರಕ್ಕೆ ಎದುರಾಗಿ ಏರಬೇಕು. ಹತ್ತಿರದ ಪಾಲಿಕೆ ಆಸ್ಪತ್ರೆ ರಕ್ತ ನಿಲ್ಲಿಸಿ ಬ್ಯಾಂಡೇಜು ಸುತ್ತಿ "ಮುಂದೆ ಕರೆದುಕೊಂಡು ಹೋಗಿ" ಎನ್ನುತ್ತದೆ, ಏಕೆಂದರೆ ರಾತ್ರಿ ಅಲ್ಲಿ ಎಷ್ಟೋ ಸಲ ಅರಿವಳಿಕೆ ತಜ್ಞರಿರುವುದಿಲ್ಲ. ಊರಿನ ಜನಸಂಖ್ಯೆ ಲಕ್ಷಗಟ್ಟಲೆ ಬೆಳೆದಷ್ಟು ಕಲ್ಯಾಣದ ರುಕ್ಮಿಣೀಬಾಯಿ, ಡೊಂಬಿವಲಿಯ ಶಾಸ್ತ್ರಿನಗರದಂಥ ಪಾಲಿಕೆ ಆಸ್ಪತ್ರೆಗಳು ಬೆಳೆಯಲಿಲ್ಲ. ಅಂಕಿಅಂಶದ ಪಟ್ಟಿಯಲ್ಲಿ ಇವೆಲ್ಲ 'ವಿಳಂಬ' ಎಂಬ ಒಂದೇ ಅಂಕಣಕ್ಕೆ ಬರುತ್ತವೆ.

ಅಂಕಣಗಳ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. 2023ರ ಆಗಸ್ಟಿನಲ್ಲಿ ಠಾಣೆಯ ಕಳ್ವಾದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ ಹದಿನೆಂಟು ರೋಗಿಗಳು ಸತ್ತ ಸುದ್ದಿ ದೇಶವನ್ನೇ ಅಲುಗಿಸಿತು. ಹಲವರು ವಯಸ್ಸಾದವರು, ಕೆಲವರು ಕೊನೆಗಳಿಗೆಯಲ್ಲಿ ಖಾಸಗಿ ಆಸ್ಪತ್ರೆಗಳಿಂದ ಬಂದವರು ಎಂದು ಆಡಳಿತ ಹೇಳಿತು. ಸಿಟ್ಟಾದವರು ಅದನ್ನು ನೆಪ ಎಂದರು. ಸಂಶೋಧಕರ ಭಾಷೆಯಲ್ಲಿ ಅದು ನೆಪವಲ್ಲ, ಪ್ರಶ್ನೆ. ಎಷ್ಟು ಜನ ದಾಖಲಾದರು, ಬರುವಾಗ ಎಂಥ ಸ್ಥಿತಿಯಲ್ಲಿದ್ದರು ಎಂದು ತಿಳಿಯದೆ ಹದಿನೆಂಟು ಎಂಬ ಸಂಖ್ಯೆ ಏನೂ ಹೇಳುವುದಿಲ್ಲ. ಹಣ ತೀರಿದ ಮೇಲೆ ಸರ್ಕಾರಿ ಆಸ್ಪತ್ರೆಗೆ ಸಾಗಿಸಿದ ರೋಗಿಯ ಸಾವು ಸರ್ಕಾರಿ ಆಸ್ಪತ್ರೆಯ ಖಾತೆಗೆ ಬೀಳುತ್ತದೆ, ಖಾಸಗಿಯ ಪುಸ್ತಕ ಸ್ವಚ್ಛವಾಗಿ ಉಳಿಯುತ್ತದೆ. ಆದರೆ ಈ ವಿವರಣೆ ಆಸ್ಪತ್ರೆಯನ್ನು ಪೂರ್ತಿ ಬಿಡುಗಡೆ ಮಾಡುವುದಿಲ್ಲ ಎಂಬುದೂ ನಿಜ. ಆ ಎರಡನ್ನು ಬೇರ್ಪಡಿಸಲು ಬೇಕಾದ ದಾಖಲೆ ಪ್ರತಿದಿನ ಇಡಬೇಕಾದದ್ದು, ಸುದ್ದಿಯಾದ ಮೇಲೆ ಹುಡುಕುವುದಲ್ಲ.

ಸುಟ್ಟಗಾಯದ ಅಧ್ಯಯನದಷ್ಟು ಸಮಾಜವನ್ನು ಬಯಲಿಗೆಳೆದದ್ದು ಇನ್ನೊಂದಿಲ್ಲ. ಐರೋಲಿಯಲ್ಲಿ ನ್ಯಾಷನಲ್ ಬರ್ನ್ಸ್ ಸೆಂಟರ್ ಇದೆ, ಚರ್ಮದ ಬ್ಯಾಂಕೂ ಇದೆ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 2016ರ ಮೇನಲ್ಲಿ, ಮತ್ತೆ 2024ರ ಮೇನಲ್ಲಿ ರಾಸಾಯನಿಕ ಕಾರ್ಖಾನೆಗಳು ಸಿಡಿದಾಗ ನಮ್ಮ ಕಿಟಕಿಗಳು ನಡುಗಿದವು. ಆದರೆ ಈ ನಾಡಿನಲ್ಲಿ ಹೆಚ್ಚು ಜನರನ್ನು ಸುಟ್ಟದ್ದು ಕಾರ್ಖಾನೆಯಲ್ಲ, ಅಡುಗೆಮನೆ. 2009ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಸಂಘವಿ, ಭಲ್ಲಾ ಮತ್ತು ದಾಸ್ ಅವರ ಲೆಕ್ಕದ ಪ್ರಕಾರ 2001ರಲ್ಲಿ ದೇಶದಲ್ಲಿ ಬೆಂಕಿಯಿಂದ ಸತ್ತವರು ಸುಮಾರು 1,63,000. ಅವರಲ್ಲಿ 1,06,000 ಹೆಂಗಸರು, ಹೆಚ್ಚಿನವರು 15ರಿಂದ 34ರ ಪ್ರಾಯದವರು. ಪೊಲೀಸ್ ದಾಖಲೆಯ ಸಂಖ್ಯೆಗಿಂತ ಇದು ಆರು ಪಟ್ಟು. ಉಳಿದ ಐದು ಪಾಲು ಎಲ್ಲಿ ಹೋಯಿತು?

ಹೋದದ್ದು ಕೇಸ್ ಪೇಪರಿನ ಒಂದು ಸಾಲಿನೊಳಕ್ಕೆ: 'ಸ್ಟೌ ಸಿಡಿದು'.  ಹತ್ತು ಅಡಿಯ ಚಾಳಿನ ಕೋಣೆ, ನೆಲದ ಮೇಲೆ ಪಂಪ್ ಸ್ಟೌ, ನೈಲಾನ್ ಸೀರೆ, ನೇತಾಡುವ ಸೆರಗು: ಅಪಘಾತಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು ಎಂಬುದು ಸುಳ್ಳಲ್ಲ. ಆದರೆ ಸಿಡಿಯುವ ಸ್ಟೌ ಅತ್ತೆಯನ್ನು ಬಿಟ್ಟು ಸೊಸೆಯನ್ನೇ ಏಕೆ ಆರಿಸಿಕೊಳ್ಳುತ್ತಿತ್ತು ಎಂದು ಕೇಳಲು 1983ರ 498ಎ ಕಲಮು, 1986ರ ವರದಕ್ಷಿಣೆ ಸಾವಿನ ಕಲಮು ಬರಬೇಕಾಯಿತು. ಬಂದ ಮೇಲೂ ಮರಣಕಾಲದ ಹೇಳಿಕೆ ಬರೆದುಕೊಳ್ಳುವಾಗ ಗಂಡನ ಮನೆಯವರೇ ಮಂಚದ ಬುಡದಲ್ಲಿ ನಿಂತಿರುತ್ತಿದ್ದರು. ಮಕ್ಕಳು ಅವರ ಕೈಯಲ್ಲಿ, ಆಸ್ಪತ್ರೆಯ ಖರ್ಚೂ ಅವರದೇ. ಅವಳು ಸ್ಟೌ ಎಂದಳು.

ಸರ್ಜನ್ನರಿಗೆ ಮೈ ಶೇಕಡಾ ಎಷ್ಟು ಸುಟ್ಟಿದೆ, ವಯಸ್ಸೆಷ್ಟು, ಉಸಿರಿನ ನಾಳ ಸುಟ್ಟಿದೆಯೇ ಎಂಬ ಮೂರು ಸಂಗತಿಗಳಿಂದ ಬದುಕಿನ ಅಂದಾಜು ಸಿಗುತ್ತದೆ. ಸೀಮೆಎಣ್ಣೆ ಸುರಿದ ಬೆಂಕಿ ಮೈಯ ಹೆಚ್ಚು ಭಾಗವನ್ನು, ಹೆಚ್ಚು ಆಳಕ್ಕೆ ಸುಡುತ್ತದೆ. ಅಂದರೆ ಅವರು ಅಳೆಯುವ ಶೇಕಡಾವಾರಿನಲ್ಲೇ ಆ ಮನೆಯ ಕಥೆ ಅಡಗಿರುತ್ತದೆ. ಬದುಕಿ ಉಳಿದವಳ ಚರ್ಮದ ಕಸಿ ಹಿಡಿದರೂ ಮುಂದಿನ ತಿಂಗಳುಗಟ್ಟಲೆ ಬಿಗಿ ಉಡುಪು, ವ್ಯಾಯಾಮ, ಮತ್ತೆ ಮತ್ತೆ ಭೇಟಿ ಬೇಕು. ಕರೆದುಕೊಂಡು ಬರುವವರಿಲ್ಲದಿದ್ದರೆ ಕತ್ತಿನ ಗಾಯ ಮುದುಡಿ ಗಲ್ಲ ಎದೆಗೆ ಅಂಟಿಕೊಳ್ಳುತ್ತದೆ. ಎಷ್ಟು ಶೇಕಡಾ ಸುಟ್ಟಿತ್ತು ಎಂಬುದು ದಾಖಲೆಯಲ್ಲಿರುತ್ತದೆ. ಯಾರು ಕರೆದುಕೊಂಡು ಬಂದರು ಎಂಬುದು ಇರುವುದಿಲ್ಲ. ಗ್ಯಾಸ್ ಸಿಲಿಂಡರ್ ಚಾಳುಗಳಿಗೂ ಬಂದಂತೆ ಅಡುಗೆಮನೆಯಿಂದ ಸ್ಟೌ ಮರೆಯಾಗುತ್ತಿದೆ; ಇದನ್ನು ಯಾವ ವೈದ್ಯಕೀಯ ಕ್ರಾಂತಿಗಿಂತಲೂ ದೊಡ್ಡದೆಂದು ನಾನು ಎಣಿಸುತ್ತೇನೆ.

ಆಪರೇಷನ್ ನಡೆಯುವ ಕಟ್ಟಡದ ಮಾತಿಗೆ ಬಂದರೆ, ಸುನೀಲ್ ನಂದರಾಜ್ 1994ರಲ್ಲಿ ಮುಂಬಯಿಯ ಖಾಸಗಿ ಆಸ್ಪತ್ರೆಗಳ ಬಗ್ಗೆ ಬರೆದ ಲೇಖನ ಇಂದಿಗೂ ಓದುವಂಥದ್ದು. ವಸತಿ ಕಟ್ಟಡಗಳ ಫ್ಲಾಟುಗಳಲ್ಲಿ ನಡೆಯುತ್ತಿದ್ದ ನರ್ಸಿಂಗ್ ಹೋಮುಗಳ ಇಕ್ಕಟ್ಟನ್ನು ಅವರು ಕಣ್ಣಾರೆ ಕಂಡು ಬರೆದರು. ಅವುಗಳನ್ನು ಆಳಬೇಕಿದ್ದ ಕಾನೂನು 1949ರದು. ಡೊಂಬಿವಲಿಯಲ್ಲಿ ಬೆಳೆದವರಿಗೆ ಇದು ಸುದ್ದಿಯಲ್ಲ. ನನ್ನ ಹರ್ನಿಯಾ ಹೊಲಿದ ಮೇಜಿನ ಮೇಲ್ಗಡೆಯ ಮನೆಯಲ್ಲಿ ಯಾರೋ ಒಗ್ಗರಣೆ ಹಾಕುತ್ತಿದ್ದರು, ವಾಸನೆ ಚೆನ್ನಾಗಿತ್ತು.

ಸಂತೋಷಪಡಬೇಕಾದ ಸಂಶೋಧನೆಯೂ ಇದೆ, ಅದೂ ಅಗ್ಗದ್ದು. ಭಾರತವೂ ಸೇರಿ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೊಂದು, ಹೊಟ್ಟೆಯ ಆಪರೇಷನ್ನಿನ ಕೊನೆಗೆ ಗಾಯ ಹೊಲಿಯುವ ಮುನ್ನ ಕೈಗವಸು ಮತ್ತು ಸಲಕರಣೆ ಬದಲಿಸಿದರೆ ಸೋಂಕು ಶೇ. 18.9ರಿಂದ 16ಕ್ಕೆ ಇಳಿಯುತ್ತದೆ ಎಂದು ತೋರಿಸಿತು. ಖಾರ್ಘರದಲ್ಲಿ ಸಂಶೋಧನಾ ಕೇಂದ್ರವುಳ್ಳ ಟಾಟಾ ಮೆಮೋರಿಯಲ್ ಸಂಸ್ಥೆಯ ನೇತೃತ್ವದಲ್ಲಿ ದೇಶದ 11 ಕೇಂದ್ರಗಳು ಸ್ತನ ಕ್ಯಾನ್ಸರಿನ ಗಡ್ಡೆ ತೆಗೆಯುವ ಕೆಲವು ನಿಮಿಷ ಮೊದಲು ಅದರ ಸುತ್ತ ಲಿಗ್ನೊಕೇನ್ ಚುಚ್ಚಿ ನೋಡಿದವು. ಹಲ್ಲು ಕೀಳುವಾಗ ಕೊಡುವ ಅದೇ ಮರಗಟ್ಟಿಸುವ ಔಷಧ. ಐದು ವರ್ಷಗಳ ನಂತರ ಬದುಕಿದ್ದವರು ಶೇ. 90.1, ಚುಚ್ಚದವರಲ್ಲಿ ಶೇ. 86.4. ಕೆಲವೇ ರೂಪಾಯಿಗಳ ಖರ್ಚು. ಆದರೆ ಗಡ್ಡೆ ಕೈಗೆ ಸಿಕ್ಕ ಮೇಲೂ ಮಗಳ ಮದುವೆ ಮುಗಿಯಲಿ ಎಂದು ಕಾಯ್ದ ಹೆಂಗಸು ಆರಂಭದ ಹಂತದವರಿಗಾಗಿಯೇ ಇದ್ದ ಆ ಪ್ರಯೋಗಕ್ಕೆ ಸೇರಲೇ ಇಲ್ಲ.

ಗಾಯದ ಸೋಂಕಿನ ಅಧ್ಯಯನಗಳು ಹೆಚ್ಚಾಗಿ ಮೂವತ್ತನೆಯ ದಿನದ ಮೇಲೆ ನಿಂತಿವೆ. 66 ದೇಶಗಳ 12,539 ರೋಗಿಗಳನ್ನು ಮೂವತ್ತು ದಿನ ಹಿಂಬಾಲಿಸಿದ 2018ರ ಜಾಗತಿಕ ಅಧ್ಯಯನದಲ್ಲಿ ಹೊಟ್ಟೆಯ ಆಪರೇಷನ್ನಿನ ಗಾಯದ ಸೋಂಕು ಸಿರಿವಂತ ದೇಶಗಳಲ್ಲಿ ಶೇ. 9.4, ಅತಿ ಹಿಂದುಳಿದ ದೇಶಗಳಲ್ಲಿ ಶೇ. 23.2. ಕೀವು ಎಷ್ಟೋ ಸಲ ಡಿಸ್ಚಾರ್ಜ್ ಆದ ಮೇಲೇ ಕಾಣುವುದರಿಂದ ಮನೆಗೆ ಫೋನು ಮಾಡಿ ಕೇಳಲೇಬೇಕು. ಠಾಣೆಯಲ್ಲಿ ನನ್ನ ಪರಿಚಯದ ಹೋಟೆಲೊಂದರ ಗಲ್ಲಾದಲ್ಲಿ ಕೂತಿದ್ದಾಗ ಹಾಗೊಂದು ಫೋನು ಬಂತು. ಕೆಲಸದ ಹುಡುಗನೊಬ್ಬ ಕೇಸ್ ಪೇಪರಿನಲ್ಲಿ ತನ್ನದೆಂದು ಕೊಟ್ಟಿದ್ದ ನಂಬರು ಗಲ್ಲಾದ್ದು. ಮಾಲೀಕರು ಮರಾಠಿಯಲ್ಲಿ "ತೋ ಗಾವಾಲಾ ಗೇಲಾ", ಊರಿಗೆ ಹೋದ ಎಂದು ಹೇಳಿ, ಹೊಲಿಗೆ ಬಿಚ್ಚಿಸಿಕೊಂಡನೋ ಎಂಬ ಪ್ರಶ್ನೆಗೆ ನನ್ನ ಮುಖ ನೋಡಿ, ಗೊತ್ತಿಲ್ಲವೆಂದು ಕೈಯಾಡಿಸಿ, ಫೋನಿಟ್ಟು ಎರಡು ಮಸಾಲೆಯ ಬಿಲ್ಲು ಹರಿದರು.